ಬಾಲ್ ಮಾಸ್ತರ ಹತ್ತು ಬೆರಳು

ಚೆಂಡು ಬೆರಳಿಗೆ ತಾಗಿದ್ದು ಕಿವಿಗೆ ಗೊತ್ತಾಗಬಾರದು. ನಮ್ಮ ಬಾಲ್ ಮಾಸ್ತರು ಹೇಳಿಕೊಟ್ಟ ಮೊದಲ ಪಾಠ ಇದು. ವಾಲಿಬಾಲ್ ಆಟದಲ್ಲಿ ಎಷ್ಟೊಂದು ಸದ್ದುಗಳಿವೆ! ಸರ್ವಿಸ್ ಹೊಡೆದಾಗಿನ ‘ಟಪ್’, ಮುಂಗೈ ಜೋಡಿಸಿ ಚೆಂಡು ಎತ್ತಿದಾಗಿನ ಮಂದವಾದ ‘ಧಪ್’, ನೆಟ್ಟಿನ ಮೇಲಿಂದ ಬಡಿದಾಗ ನೋಡುವವರ ಎದೆ ಝಲ್ಲೆನ್ನುವ ‘ಫಟ್’. ಇವುಗಳ ನಡುವೆ ಸದ್ದೇ ಇಲ್ಲದ ಒಂದು ಗಳಿಗೆ ಬರುತ್ತದೆ. ನೆಟ್ಟಿನ ಪಕ್ಕ ನಿಂತ ಲಿಫ್ಟರನ ಹಣೆಯ ಮೇಲಕ್ಕೆ ಚೆಂಡು ಇಳಿಯುತ್ತದೆ, ಹತ್ತು ಬೆರಳು ಅದನ್ನು ಮುಟ್ಟುತ್ತವೆ, ಅದು ಮತ್ತೆ ಮೇಲಕ್ಕೇರುತ್ತದೆ. ಜನ ಅದನ್ನು ನೋಡುವುದಿಲ್ಲ. ಅಷ್ಟರಲ್ಲಾಗಲೇ ಅವರ ಕಣ್ಣು ಹೊಡೆಯಲು ಓಡಿಬರುತ್ತಿರುವ ಶೂಟರನ ಮೇಲಿರುತ್ತದೆ. ನಾನು ಮಾತ್ರ ನಲವತ್ತು ವರ್ಷಗಳಿಂದ ಆ ಗಳಿಗೆಯನ್ನೇ ಕಾಯುತ್ತ ಬಂದಿದ್ದೇನೆ. ಎಲ್ಲೇ ಆಟ ನಡೆದಿರಲಿ, ಬಸ್ಸು ತಪ್ಪಿದರೂ ಸರಿ, ಒಂದು ಒಳ್ಳೆಯ ಲಿಫ್ಟ್ ಕಾಣುವವರೆಗೆ ಕಾಲು ಕೀಳುವುದಿಲ್ಲ.

ಮಾಸ್ತರಿಗೆ ಹಾಜರಿ ಪುಸ್ತಕದಲ್ಲಿ, ಸಂಬಳದ ಬಿಲ್ಲಿನಲ್ಲಿ ಒಂದು ಹೆಸರಿತ್ತು. ಊರು ಅದನ್ನು ಬಳಸಲಿಲ್ಲ. ಊರಿಗೆ ಅವರು ಬಾಲ್ ಮಾಸ್ತರು. ಸಂತೆಯಲ್ಲಿ, ಹೋಟೆಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಅದೇ ಹೆಸರು ನಡೆಯಿತು. ನಾನೂ ಅದನ್ನೇ ಇಟ್ಟುಕೊಳ್ಳುತ್ತೇನೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಗೆ ಪೋಣಿಸಿದ ಮೂರು ಊರುಗಳು. ಮಾಸ್ತರ ಬದುಕೂ ಅದೇ ರಸ್ತೆಗುಂಟ ಹೋಯಿತು. ಲಿಂಗಸುಗೂರಿನಲ್ಲಿ ಆಡಿ ಹೆಸರಾದರು, ಮಸ್ಕಿಯಲ್ಲಿ ಕಲಿಸಿದರು, ವರ್ಗವಾಗಿ ಸಿಂಧನೂರಿಗೆ ಹೋಗಿ ಅಲ್ಲೇ ನಿವೃತ್ತರಾದರು. ಮೂರೂ ಊರಿನ ನೆಲ ಬೇರೆ ಬೇರೆ. ಆ ನೆಲಗಳನ್ನು ಅವರು ಅಂಗಾಲಿನಿಂದಲೇ ಓದಿದ್ದರು.

ಲಿಂಗಸುಗೂರಿನದು ಗರಸು ನೆಲ. ನಿಜಾಮರ ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಊರು ಅದು. 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಅಲ್ಲಿ ಚೆಂಡು ನೆಲಕ್ಕೆ ಬಿದ್ದರೆ ಪುಟಿಯುತ್ತದೆ, ಆಟಗಾರ ಬಿದ್ದರೆ ಮೊಣಕೈ ಸುಲಿಯುತ್ತದೆ. ಸಿಂಧನೂರಿನದು ಎರೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದಮೇಲೆ ಭತ್ತದ ಸೀಮೆಯಾದ ಆ ಕಡೆ ಮಳೆಗಾಲದಲ್ಲಿ ಮಣ್ಣು ಚಪ್ಪಲಿಯನ್ನು ಬಿಡುವುದಿಲ್ಲ, ಬ್ಯಾಸಿಗೆಯಲ್ಲಿ ಹೆಬ್ಬೆರಳು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅಲ್ಲಿ ಆಡಬೇಕೆಂದರೆ ಮೊದಲು ಗಾಡಿಯಲ್ಲಿ ಗರಸು ತಂದು ನಾಲ್ಕು ಬೆರಳು ದಪ್ಪ ಹರವಬೇಕು, ನೀರು ಚಿಮುಕಿಸಬೇಕು, ರೋಲರ್ ಎಳೆಯಬೇಕು. ಮಸ್ಕಿ ಇವೆರಡರ ನಡುವೆ. ಕಲ್ಲುಗುಡ್ಡದ ಬುಡ, ಹಳ್ಳದ ದಂಡೆ. ನಮ್ಮ ಶಾಲೆಯ ಮೈದಾನದಲ್ಲಿ ಒಂದು ಪಾಳೆ ಮಣ್ಣು, ಇನ್ನೊಂದು ಪಾಳೆಯಲ್ಲಿ ನೆಲದಿಂದ ತಲೆ ಎತ್ತಿದ ಬಂಡೆಯ ನೆತ್ತಿ. ಆ ಬಂಡೆಯನ್ನು ತಪ್ಪಿಸಿ ಅಂಕಣ ಹಾಕಲು ಮಾಸ್ತರು ಮೂರು ದಿನ ತೆಗೆದುಕೊಂಡರು.

ಅವರು ಅಂಕಣ ಹಾಕುವುದನ್ನು ನೋಡುವುದೇ ಒಂದು ಸುಖ. ಉದ್ದ ಹದಿನೆಂಟು ಮೀಟರು, ಅಗಲ ಒಂಬತ್ತು. ನಾಲ್ಕು ಮೂಲೆಗೆ ನಾಲ್ಕು ಮೊಳೆ, ಮೊಳೆಯಿಂದ ಮೊಳೆಗೆ ಸುತಳಿ. ನಾವು ಅಷ್ಟಕ್ಕೇ ಸುಣ್ಣ ಹಾಕಲು ಮುಂದಾಗುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಸುತಳಿ ಹಿಡಿಸಿ ಎರಡೂ ಕರ್ಣ ಸಮ ಬರುತ್ತವೆಯೋ ಇಲ್ಲವೋ ನೋಡುತ್ತಿದ್ದರು. ನಾಲ್ಕು ಬೆರಳು ಹೆಚ್ಚುಕಡಿಮೆ ಬಂದರೂ ಮೊಳೆ ಕಿತ್ತು ಮತ್ತೆ ಹೊಡೆಯಬೇಕು. ಕರ್ಣ ಎಂಬ ಮಾತು ಗಣಿತದ ಪುಸ್ತಕದಲ್ಲಿ ಬಂದಾಗ ಇಡೀ ತರಗತಿಯಲ್ಲಿ ಹೆದರದವರು ಮೈದಾನದಲ್ಲಿ ಸುತಳಿ ಹಿಡಿದ ಆರು ಮಂದಿ ಮಾತ್ರ. ಆಮೇಲೆ ಡಬ್ಬಿಯಲ್ಲಿ ಸುಣ್ಣ ತುಂಬಿಕೊಂಡು ಅವರೇ ಬಗ್ಗಿ ನಡೆಯುತ್ತಿದ್ದರು. ಎರಡು ಇಂಚು ಅಗಲದ ಗೆರೆ, ಎಲ್ಲಿಯೂ ತೆಳುವಾಗದೆ, ಎಲ್ಲಿಯೂ ಚೆಲ್ಲದೆ, ಅಂಗಳದ ರಂಗೋಲಿಯ ಎಳೆಯಂತೆ ಬೀಳುತ್ತಿತ್ತು. ಗೆರೆ ಹಾಕಿಯಾದ ಮೇಲೆ ಅದನ್ನು ಯಾರೂ ತುಳಿಯುವಂತಿರಲಿಲ್ಲ. ಆಟ ಶುರುವಾಗುವವರೆಗೆ ನಾವು ಹೊರಗೇ ಕೂತು ಆ ಬಿಳಿ ಚೌಕವನ್ನು ನೋಡುತ್ತಿದ್ದೆವು. ಬಿಸಿಲು ಇಳಿದು ಗುಡ್ಡದ ನೆರಳು ಮೊದಲ ಗೆರೆಯನ್ನು ದಾಟಿತೆಂದರೆ ಆಟದ ಹೊತ್ತು.

ನೆಟ್ಟಿನ ಎತ್ತರಕ್ಕೆ ಅವರ ಹತ್ತಿರ ಒಂದು ಬಿದಿರಿನ ಗಳ ಇತ್ತು. ಅದರ ಮೇಲೆ ಎರಡು ಕಡೆ ಕೆಂಪು ದಾರ ಸುತ್ತಿದ್ದರು. ಮೇಲಿನದು 2.43 ಮೀಟರು, ಗಂಡಸರದು. ಕೆಳಗಿನದು 2.24, ಹೆಂಗಸರದು. ಅದಕ್ಕೂ ಕೆಳಗೆ ಹುಡುಗರಿಗೆಂದು ಪೆನ್ಸಿಲಿನ ಗೀಟು. ‘ಎಲ್ಲಾರೂ ಮ್ಯಾಲಿನ ದಾರ ಮುಟ್ಟೂದು ಬ್ಯಾಡ. ಪೆನ್ಸಿಲ್ ದಾಟಿದ್ರ ಈ ವರ್ಷಕ್ಕ ಸಾಕು’ ಎನ್ನುತ್ತಿದ್ದರು.

ಅವರು ಆಡುತ್ತಿದ್ದ ಕಾಲದ ಮಾತನ್ನು ನಾನು ಹಿರಿಯರಿಂದ ಕೇಳಿದ್ದೇ ಹೊರತು ಕಂಡಿಲ್ಲ. ಆಗಿನ ಲೆಕ್ಕವೇ ಬೇರೆ. ಸರ್ವಿಸ್ ಮಾಡಿದ ಪಾಳೆಗೆ ಮಾತ್ರ ಅಂಕ. ಎದುರಿನವರು ಗೆದ್ದರೆ ಅವರಿಗೆ ಸಿಗುವುದು ಸರ್ವಿಸ್ ಮಾಡುವ ಹಕ್ಕಷ್ಟೇ. ಹದಿನೈದು ಅಂಕಕ್ಕೆ ಆಟ. ಸಮಬಲದ ಎರಡು ತಂಡ ನಿಂತರೆ ಸರ್ವಿಸ್ ಅತ್ತಿಂದಿತ್ತ ಹೋಗುತ್ತಲೇ ಇರುವುದು, ಹಲಗೆಯ ಮೇಲಿನ ಅಂಕ ಕದಲುವುದಿಲ್ಲ. 1998ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಆ ಪದ್ಧತಿಯನ್ನು ಬಿಟ್ಟು, ಯಾರು ಗೆದ್ದರೂ ಅಂಕ ಎಂಬ ಹೊಸ ಪದ್ಧತಿಯನ್ನು ತಂದಿತು. ಆಟ ಚುರುಕಾಯಿತು, ಇಂತಿಷ್ಟು ಹೊತ್ತಿಗೆ ಮುಗಿಯುತ್ತದೆಂಬ ಅಂದಾಜೂ ಸಿಕ್ಕಿತು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಅಂಕವೇ ಬೀಳದ ಆ ಹಳೆಯ ಕಾಲುಗಂಟೆಗಳಲ್ಲಿ ಒಂದು ಸೊಗಸಿತ್ತು. ಹೊಸ ಅಂಕ ಬಾರದಿದ್ದರೂ ಎರಡೂ ಪಾಳೆಯವರು ತಮ್ಮಲ್ಲಿದ್ದದ್ದನ್ನೆಲ್ಲ ಕೊಡುತ್ತಿದ್ದರು. ಒಮ್ಮೆ ಜಾತ್ರೆಯ ಆಟದಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದ ಹುಡುಗರ ಎದುರು, ಕತ್ತಲಾಗಿ ಪೆಟ್ರೊಮ್ಯಾಕ್ಸ್ ಹಚ್ಚುವವರೆಗೆ ಅಂಕ ಹದಿಮೂರು ಹದಿಮೂರರಲ್ಲೇ ನಿಂತಿತ್ತಂತೆ. ಆ ಹೊತ್ತಿನ ಮಾಸ್ತರ ಬೆರಳುಗಳನ್ನು ವರ್ಣಿಸುವಾಗ ಲಿಂಗಸುಗೂರಿನ ಹಿರಿಯರೊಬ್ಬರು ಎರಡೂ ಕೈಯನ್ನು ಹಣೆಯ ಮೇಲೆತ್ತಿ ಹಾಗೇ ಸುಮ್ಮನೆ ಕೂತುಬಿಟ್ಟರು. ಮಾತು ಸಿಗಲಿಲ್ಲ ಅವರಿಗೆ.

ಮೊಣಕಾಲು ಕೈಕೊಟ್ಟಿತು. ಆಟ ನಿಂತಿತು. ಸಿ.ಪಿ.ಎಡ್ ಮುಗಿಸಿ ನೌಕರಿ ಹಿಡಿದರು. ಇದನ್ನು ಮಾಸ್ತರು ಇಷ್ಟೇ ಮಾತಿನಲ್ಲಿ ಹೇಳುತ್ತಿದ್ದರು, ನಾನೂ ಇಷ್ಟಕ್ಕೇ ಬಿಡುತ್ತೇನೆ.

ಚೆಂಡಾಟಕ್ಕೂ ಮಾಸ್ತರಿಕೆಗೂ ಇರುವ ನಂಟು ತೀರ ಹಳೆಯದು. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಬ್ಬ ವ್ಯಾಯಾಮದ ಮಾಸ್ತರ ಕೈಯಲ್ಲಿ. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಮಾಸ್ತರು, ಒಳಗೆ ಕೂತು ಬೇಸತ್ತ ಹುಡುಗರಿಗಾಗಿ ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿದರು. ಅದೇ ಶಾಲೆಯಲ್ಲಿ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ, ಹತ್ತಿರದ ಹೋಲಿಯೋಕ್ ಊರಿನಲ್ಲಿ, ಅಷ್ಟು ಓಡಲಾರದ ನಡುವಯಸ್ಸಿನವರಿಗೆಂದು ನೆಟ್ಟು ಕಟ್ಟಿ ವಾಲಿಬಾಲ್ ಆಡಿಸಿದರು. ಮತ್ತೆ ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಮದ್ರಾಸಿಗೆ ಬಂದು 1920ರಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ನಮ್ಮ ಮಾಸ್ತರಿಗೆ ತರಬೇತಿ ಕೊಟ್ಟವರು ಮದ್ರಾಸಿನಲ್ಲಿ ಕಲಿತು ಬಂದವರಾಗಿದ್ದರು. ಹೀಗೆ ಎಣಿಸಿದರೆ ನಾಲ್ಕೈದು ತಲೆಮಾರಿನ ಗುರುಪರಂಪರೆ ನಮ್ಮ ಮಸ್ಕಿಯ ಬಂಡೆಯ ಪಕ್ಕದ ಅಂಕಣಕ್ಕೆ ಬಂದು ಮುಟ್ಟಿತ್ತು.

ಈ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಎಳೆ ಇದೆ. ಒಬ್ಬ ಎತ್ತರಕ್ಕೆ ಎತ್ತಿಕೊಡುವುದು, ಇನ್ನೊಬ್ಬ ಜಿಗಿದು ಹೊಡೆಯುವುದು ಎಂಬ ಈ ಜೋಡಿ ಆಟ ಮಾರ್ಗನ್ ಅವರ ವಾಲಿಬಾಲಿನಲ್ಲಿ ಇರಲಿಲ್ಲ. ಅದು ಬಂದದ್ದು 1916ರ ಸುಮಾರಿಗೆ, ಫಿಲಿಪ್ಪೀನ್ಸಿನಲ್ಲಿ. ಅಂದರೆ ಲಿಫ್ಟ್ ಎಂಬುದು ಏಷ್ಯಾದ ಕೊಡುಗೆ. ಇದನ್ನು ತಿಳಿದ ದಿನ ಮಾಸ್ತರಿಗೆ ಹೇಳಬೇಕೆನ್ನಿಸಿ ಸಿಂಧನೂರಿಗೆ ಪತ್ರ ಬರೆದೆ. ‘ನಮ್ಮ ಕಡೇದಽ ಇರಬೇಕು ಅಂತ ನನಗ ಮೊದಲಿಂದ ಸಂಶಯ ಇತ್ತು’ ಎಂದು ಕಾರ್ಡಿನಲ್ಲಿ ಉತ್ತರ ಬಂತು.

ಇನ್ನು ಅವರ ಕೈ. ಬಲಗೈಯ ನಡುಬೆರಳು ನೆಟ್ಟಗಾಗುತ್ತಿರಲಿಲ್ಲ, ಎಡಗೈಯ ಕಿರುಬೆರಳಿನ ಗೆಣ್ಣು ಊದಿಕೊಂಡೇ ಇರುತ್ತಿತ್ತು. ಎಷ್ಟೋ ಚೆಂಡುಗಳು ಬೆರಳ ತುದಿಗೆ ಬಡಿದು ಆದ ಗುರುತುಗಳವು. ಅಂಥ ಕೈಯಿಂದ ಅವರು ಕರಿಹಲಗೆಯ ಮೇಲೆ ಬರೆದರೆ ‘ಳ’ ಅಕ್ಷರದ ಸುರುಳಿ ಸುಳಿಯುವುದನ್ನು ನೋಡುತ್ತ ಕೂರಬೇಕೆನ್ನಿಸುತ್ತಿತ್ತು. ಬೇರೆ ಮಾಸ್ತರು ರಜೆ ಹಾಕಿದ ದಿನ ನಮಗೆ ಕೈಬರಹದ ಪಾಠ. ಪೆನ್ಸಿಲನ್ನು ಬೆರಳು ಬಿಳುಚುವಷ್ಟು ಅಮುಕಿ ಹಿಡಿದವನ ಹತ್ತಿರ ಬಂದು, ಹಿಂದಿನಿಂದ ಪೆನ್ಸಿಲನ್ನು ಮೆಲ್ಲಗೆ ಎಳೆಯುತ್ತಿದ್ದರು. ಸಲೀಸಾಗಿ ಕೈಗೆ ಬಂದರೆ ಹಿಡಿತ ಸರಿ, ಬಾರದಿದ್ದರೆ ತಪ್ಪು.

ಮೈದಾನದಲ್ಲೂ ಅದೇ. ಲಿಫ್ಟ್ ಮಾಡುವಾಗ ಚೆಂಡು ಕೈಯಲ್ಲಿ ಒಂದು ಕ್ಷಣ ಹೆಚ್ಚು ನಿಂತರೂ ಫೌಲು. ಹಾಗೆಂದು ಕೈ ಗಡುಸಾದರೆ ಚೆಂಡು ಸಿಡಿದು ಹೋಗುತ್ತದೆ. ಎರಡೂ ಕೈ ಒಂದೇ ಸಲ ಮುಟ್ಟದಿದ್ದರೆ ಅದೂ ಫೌಲು, ಚೆಂಡು ಗಿರ್ರನೆ ತಿರುಗಿ ತಪ್ಪನ್ನು ತಾನೇ ಹೇಳಿಬಿಡುತ್ತದೆ. ಒಳ್ಳೆಯ ಲಿಫ್ಟಿನ ಚೆಂಡು ತಿರುಗುವುದಿಲ್ಲ, ಅದರ ಹೊಲಿಗೆಯ ಗೆರೆಗಳು ನಿಚ್ಚಳವಾಗಿ ಕಾಣುತ್ತವೆ. ಮಾಸ್ತರು ಹೇಳುತ್ತಿದ್ದರು: ‘ಹಿಡೀಬ್ಯಾಡಲೇ ತಮ್ಮಾ, ಮುಟ್ಟು ಸಾಕು. ಬಿಸಿ ರೊಟ್ಟಿ ಇದ್ದಂಗ ಅದ. ಕೈಯಾಗ ಇಟ್ಕೊಂಡು ಕುಂದ್ರಾಕ ಬರಂಗಿಲ್ಲ.’

ರೊಟ್ಟಿಯ ಮಾತು ಸುಮ್ಮನೆ ಬಂದದ್ದಲ್ಲ. ನಮ್ಮ ಶಾಲೆಯಲ್ಲಿ ಹುಡುಗಿಯರ ತಂಡ ಕಟ್ಟುವ ಹೊತ್ತಿಗೆ ಊರಲ್ಲಿ ಗೊಣಗಾಟ ಇತ್ತು. ಮಾಸ್ತರು ಮನೆಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಬೇಡಿಕೊಂಡು ಎಂಟು ಮಂದಿಯನ್ನು ಕರೆತಂದರು. ಅವರಲ್ಲೊಬ್ಬಳು ಬೆಳಗ್ಗೆ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದು ಶಾಲೆಗೆ ಬರುವವಳು. ಮೊದಲ ದಿನವೇ ಅವಳ ಕೈಯಿಂದ ಹೋದ ಚೆಂಡು ಗೆರೆ ಕಾಣುವ ಹಾಗೆ, ತಿರುಗದೆ, ಮೇಲಕ್ಕೆ ಹೋಗಿ ನಿಂತಿತು. ನಾವೆಲ್ಲ ತಿಂಗಳುಗಟ್ಟಲೆ ಒದ್ದಾಡಿದ ವಿದ್ಯೆ ಅದು. ಮಾಸ್ತರು ಸೀಟಿಯನ್ನು ಬಾಯಿಂದ ತೆಗೆದರು. ‘ಯವ್ವಾ, ಕೊಣಮಗಿ ಮ್ಯಾಲಿನ ರೊಟ್ಟೀನ ಹರೀದಂಗ ಎತ್ತಿ ಹಂಚಿಗೆ ಹಾಕೋ ಕೈ ನಿಂದು. ನಿನಗ ನಾನೇನು ಕಲಿಸ್ಲಿ?’ ಅಂದರು. ಆ ಸಂಜೆ ಅವಳಿಗೆ ಹೆಚ್ಚೇನೂ ಹೇಳದೆ, ನಮ್ಮನ್ನು ಸುತ್ತ ಕೂರಿಸಿ ಅವಳ ಬೆರಳು ನೋಡಲು ಹೇಳಿದರು. ಹಸಿ ಹಿಟ್ಟಿನ ತೆಳು ರೊಟ್ಟಿ ಎರಡು ಅಂಗೈ ನಡುವೆ ಏರಿ ಹಂಚಿನ ಮೇಲೆ ಇಳಿಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅವತ್ತಿನವರೆಗೂ ಅದನ್ನು ಕಂಡಿರಲಿಲ್ಲ.

ಆಗಿನ ಚೆಂಡು ಚರ್ಮದ್ದು. ಹೊಲಿಗೆ ಬಿಚ್ಚಿದರೆ ಮಾಸ್ತರೇ ದಾರಕ್ಕೆ ಮೇಣ ತಿಕ್ಕಿ, ದಬ್ಬಳದಿಂದ ಹೊಲಿಯುತ್ತಿದ್ದರು. ಗಾಳಿ ತುಂಬುವ ಮುನ್ನ ಸೂಜಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಒಳಗೆ ತೂರುತ್ತಿದ್ದರು. ತುಂಬಿದ ಮೇಲೆ ಅಂಗೈಯಲ್ಲಿ ತೂಗಿ, ಹೆಬ್ಬೆರಳಿನಿಂದ ಒತ್ತಿ, ಕಲ್ಲಂಗಡಿ ಆರಿಸುವವರ ಹಾಗೆ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದರು. ವಾಲಿಬಾಲಿನ ತೂಕ 260ರಿಂದ 280 ಗ್ರಾಮಿನ ಒಳಗಿರಬೇಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ನೋಡಿದೆವು. ಅವರ ಅಂಗೈ ಹೇಳಿದ್ದು ಸರಿ ಇತ್ತು.

1986ರಲ್ಲಿ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ವಾಲಿಬಾಲ್ ತಂಡ ಕಂಚು ಗೆದ್ದಿತು. ಕೇರಳದ ಜಿಮ್ಮಿ ಜಾರ್ಜ್ ಹೆಸರು ಎಲ್ಲರ ಬಾಯಲ್ಲಿ. ನಾವು ಪತ್ರಿಕೆ ಹಿಡಿದುಕೊಂಡು ಮಾಸ್ತರ ಹತ್ತಿರ ಓಡಿದೆವು. ಅವರು ಪೂರಾ ಓದಿದರು, ಕಣ್ಣು ತುಂಬಿಕೊಂಡರು. ಆಮೇಲೆ ಕೇಳಿದರು: ‘ಜಿಮ್ಮಿ ಹೊಡದ, ಖರೆ. ಎತ್ತಿಕೊಟ್ಟಾಂವ ಯಾರು?’ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದೆವು. ಬರೆದಿರಲಿಲ್ಲ. ಮರುವರ್ಷವೇ ಜಿಮ್ಮಿ ಇಟಲಿಯಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡಾಗ ಶಾಲೆಯ ಪ್ರಾರ್ಥನೆಯಲ್ಲಿ ಮಾಸ್ತರು ‘ಸಾವಧಾನ್’ ಎಂದವರು ‘ವಿಶ್ರಾಮ್’ ಎನ್ನಲು ಬಹಳ ಹೊತ್ತು ತೆಗೆದುಕೊಂಡರು.

ಓಟದ ಅಭ್ಯಾಸಕ್ಕೆ ನಮ್ಮನ್ನು ಗುಡ್ಡದ ಕಡೆ ಕರೆದೊಯ್ಯುತ್ತಿದ್ದರು. ಮಸ್ಕಿಯ ಅಶೋಕನ ಶಾಸನವನ್ನು ಹೊರಗಿನವರು ಕಾರು ಮಾಡಿಕೊಂಡು ಬಂದು ನೋಡುತ್ತಾರೆ, ನಾವು ಓಡಿಹೋಗಿ ಅದರ ಮುಂದೆ ಏದುಸಿರು ಬಿಡುತ್ತ ನಿಲ್ಲುತ್ತಿದ್ದೆವು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ ಕಣ್ಣಿಗೆ ಬಿದ್ದ ಶಾಸನ ಇದು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇತ್ತು. ಆ ಬಿರುದಿನ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ನಮ್ಮ ಮಸ್ಕಿಯ ಬಂಡೆ. ಚರಿತ್ರೆಯ ಪಾಠದಲ್ಲಿ ಇಷ್ಟು ಇತ್ತು. ಮಾಸ್ತರಿಗೆ ಹಿಡಿಸಿದ್ದು ಶಾಸನದ ಇನ್ನೊಂದು ಮಾತು: ಈ ಗುರಿಯನ್ನು ದೊಡ್ಡವರು ಮಾತ್ರ ಮುಟ್ಟುತ್ತಾರೆಂದು ತಿಳಿಯಬೇಡಿ, ಸಣ್ಣವರೂ ಮುಟ್ಟಬಹುದು ಎಂಬರ್ಥದ್ದು. ತಂಡದಲ್ಲಿ ಎಲ್ಲರಿಗಿಂತ ಗಿಡ್ಡನಾಗಿದ್ದವನನ್ನು ಬಂಡೆಯ ಮುಂದೆ ನಿಲ್ಲಿಸಿ, ‘ನಿನಗಽ ಬರಸ್ಯಾನ ನೋಡು ಅಶೋಕ’ ಅನ್ನುತ್ತಿದ್ದರು. ಆ ಗಿಡ್ಡ ನಾನು. ಅವತ್ತಿನಿಂದ ನಾನು ಲಿಫ್ಟರ್.

ದೊಡ್ಡ ಆಟಗಾರರು ಪಾಠ ಹೇಳಲು ಕೂತ ಉದಾಹರಣೆಗಳು ಲೋಕದಲ್ಲಿ ಇವೆ. ಇಂಗ್ಲೆಂಡಿನ ಫ್ರಾಂಕ್ ಟೈಸನ್ 1954–55ರಲ್ಲಿ ಆಸ್ಟ್ರೇಲಿಯಾದ ನೆಲದಲ್ಲಿ 28 ವಿಕೆಟ್ ಕಿತ್ತು ಬಿರುಗಾಳಿ ಎನ್ನಿಸಿಕೊಂಡವರು. ಕೆಲವೇ ವರ್ಷಗಳಲ್ಲಿ ಆಟ ಬಿಟ್ಟು, ತಾವು ಸೋಲಿಸಿದ ದೇಶಕ್ಕೇ ಹೋಗಿ, ಮೆಲ್ಬರ್ನಿನ ಶಾಲೆಯೊಂದರಲ್ಲಿ ಮಾಸ್ತರರಾದರು. ನಮ್ಮ ರಾಯಚೂರಿನ ಯರೇ ಗೌಡರು ರೈಲ್ವೇಸ್ ಮತ್ತು ಕರ್ನಾಟಕಕ್ಕೆ ರಣಜಿ ಆಡಿ, ಮುಂದೆ ಕರ್ನಾಟಕ ತಂಡದ ಹುಡುಗರಿಗೆ ತರಬೇತುದಾರರಾದರು. ಇವರ ಸಾಲಿನಲ್ಲಿ ನಮ್ಮ ಮಾಸ್ತರನ್ನು ಕೂರಿಸಲು ನನಗೆ ಎಳ್ಳಷ್ಟೂ ಸಂಕೋಚವಿಲ್ಲ.

ಸಿಂಧನೂರಿಗೆ ವರ್ಗವಾದ ಮೇಲೆ ಅವರ ಅಂಕಣಕ್ಕೆ ಹೊಸ ಮಕ್ಕಳು ಬಂದರು. ಆಂಧ್ರದಿಂದ ಬಂದು ಭತ್ತ ಬೆಳೆಯುವವರ ಕ್ಯಾಂಪುಗಳ ಮಕ್ಕಳು, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಹತ್ತಿರ ನೆಲೆನಿಂತ ಬಂಗಾಳಿಗಳ ಮಕ್ಕಳು, ಎರೆಹೊಲದ ನಮ್ಮ ಮಕ್ಕಳು. ಅಂಕಣದ ಒಂದು ಪಾಳೆಯಲ್ಲೇ ತೆಲುಗು, ಬಂಗಾಳಿ, ಕನ್ನಡ, ಉರ್ದು. ನಾನು ಒಮ್ಮೆ ಹೋದಾಗ ಮಾಸ್ತರು ಮಾತೇ ಆಡದೆ ಪಾಠ ಮಾಡುತ್ತಿದ್ದರು. ಹುಡುಗನ ಎರಡು ಕೈ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಮೂಡುವ ಕಿಟಕಿಯಿಂದ ಆಕಾಶ ನೋಡಲು ಸನ್ನೆ ಮಾಡಿ, ಆ ಕಿಟಕಿಗೆ ಚೆಂಡು ಇಳಿಸುತ್ತಿದ್ದರು.

ಕಡೆಯ ಸಲ ಅವರನ್ನು ಕಂಡಾಗ ಕಣ್ಣಿನ ಪೊರೆ ಬಲಿತಿತ್ತು. ಮನೆಯಲ್ಲಿ ಕೂರಲು ಒಪ್ಪಲಿಲ್ಲ. ‘ನಡಿ ತಮ್ಮಾ, ಬಾಲ್ ನೋಡಿಕೊಂಡು ಬರೋಣು’ ಎಂದರು. ನನ್ನ ಭುಜ ಹಿಡಿದು ಮೈದಾನದವರೆಗೆ ಬಂದರು. ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತು, ಕೋಲನ್ನು ಮೊಣಕಾಲಿಗೆ ಒರಗಿಸಿ, ಕಣ್ಣು ಮುಚ್ಚಿಕೊಂಡರು. ಕಾಲುವೆಯ ಕಡೆಯಿಂದ ಗಾಳಿ ಬರುತ್ತಿತ್ತು. ಆಡುವ ಹುಡುಗರಿಗೆ ಅವರು ಯಾರೆಂದು ಗೊತ್ತಿದ್ದ ಹಾಗೆ ಕಾಣಲಿಲ್ಲ.

ಟಪ್ ಎಂದಿತು, ಧಪ್ ಎಂದಿತು, ಬೆರಳಿಗೆ ಬಡಿದ ಚಟ್ ಎಂಬ ಸದ್ದು, ಆಮೇಲೆ ಫಟ್. ಮಾಸ್ತರ ಮುಖ ಕದಲಲಿಲ್ಲ. ಹೀಗೇ ಎಷ್ಟೋ ಸಲ.

ಆಮೇಲೆ ಒಮ್ಮೆ, ಧಪ್ ಎಂದಿತು. ಏನೂ ಕೇಳಲಿಲ್ಲ. ಫಟ್ ಎಂದಿತು.

ಮಾಸ್ತರು ಕಣ್ಣು ಮುಚ್ಚಿಕೊಂಡೇ ತಲೆದೂಗಿದರು.